ಮಿಣುಕಿದ ದೀಪ, ಅಜ್ಜನ ಎಡೆ

ಚಿನ್ನೂ, ಪುಟ್ಟೀ, ನಿಮ್ಮ ಅಜ್ಜನ ಮೊದಲ ವರ್ಷದ ಎಡೆಯ ದಿನ ಪರೀಕ್ಷೆಯೆಂದು ನೀವಿಬ್ಬರೂ ಅಮ್ಮನ ಜೊತೆ ಮನೆಯಲ್ಲೇ ಉಳಿದಿರಿ. ಅಂದು ದಾರಿಯಲ್ಲಿ ಏನಾಯಿತೆಂದು ಬಾಯಿಬಿಟ್ಟು ಹೇಳಲು ನಿಮ್ಮ ಅಜ್ಜಿಯಾದ ನನಗೆ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಊರ ಹೊಲದಲ್ಲಿರುವ ಗೋರಿಗೆ ಸೂರ್ಯ ನೆತ್ತಿಗೆ ಬರುವ ಮೊದಲು ಎಡೆ ಇಡಬೇಕು. ಇಟ್ಟ ಮೇಲೆಯೇ ನಾನು ಗುಟುಕು ನೀರು ಕುಡಿಯಬೇಕು. ನಸುಕಿನಲ್ಲೇ ಎದ್ದು ಹೋಳಿಗೆ, ಎಣ್ಣೆಗಾಯಿ ಮಾಡಿ ಬುಟ್ಟಿಗೆ ತುಂಬಿದೆ. ಅಜ್ಜ ಓಡಿಸುತ್ತಿದ್ದ ಸಣ್ಣ ಟ್ರಕ್ಕಿನಲ್ಲೇ ನಿಮ್ಮ ಅಪ್ಪನೂ ನಾನೂ ಹೊರಟೆವು. ಊರಿಗೆ ಹೋಗುವ ಗಾಡಿಯ ಮೇಲೆ ಬಾಡಿಗೆಗೆ ಹೇರಿದ ಸಿಮೆಂಟಿನ ಧೂಳು ಇರಬಾರದೆಂದು ಅಪ್ಪ ಹಿಂದಿನ ಸಂಜೆ ಅದನ್ನು ತೊಳೆಸಿದ್ದ. ಎಂಜಿನ್ನಿಗೂ ನೀರಿನ ಪೈಪು ಹಿಡಿಸಿದ್ದ.

ನಗರದಂಚಿನ ಮಿಯಾಪುರ ದಾಟುವಷ್ಟರಲ್ಲಿ ಗಾಡಿ ನಡುಗತೊಡಗಿತು. ಸ್ಟೇರಿಂಗಿನ ಹಿಂದೆ ಎಂಜಿನ್ನಿನ ಚಿತ್ರದ ಹಳದಿ ದೀಪ ಮಿಣುಕಿತು. ಅದು ಸುಮ್ಮನೆ ಉರಿದರೆ ನಿಧಾನ ಹೋಗಬಹುದು, ಮಿಣುಕಿದರೆ ನಿಲ್ಲಿಸಲೇಬೇಕು ಎಂದು ಅಪ್ಪ ರಸ್ತೆ ಬದಿಯ ಗ್ಯಾರೇಜಿನ ಮುಂದೆ ನಿಲ್ಲಿಸಿದ.

ಮೆಕ್ಯಾನಿಕ್ ಬೀದರ್ ಕಡೆಯವನು. ಚಿಕ್ಕ ಯಂತ್ರವೊಂದನ್ನು ಸ್ಟೇರಿಂಗಿನ ಕೆಳಗೆ ಚುಚ್ಚಿ ನೋಡಿ, ಒಂದು ಸಿಲಿಂಡರಿನಲ್ಲಿ ಬೆಂಕಿ ಹತ್ತುತ್ತಿಲ್ಲ ಎಂದ. ಕಿಡಿ ಕೊಡುವ ಕಾಯಿಲನ್ನು ಅಲ್ಲಿಂದ ಎಳೆದರೆ ಕುಳಿಯಲ್ಲಿ ನೀರು.

"ಎಂಜಿನ್ನಿಗೂ ಜಳಕಾ ಮಾಡ್ಸೀರೇನ್ರಿ ಅಣ್ಣಾ? ಉಟ್ಕೊಳ್ಳಾಕ ಒಂದು ಧೋತ್ರಾನೂ ಕೊಡಬೇಕಿತ್ತು."

ಅಪ್ಪ ನಗಲಿಲ್ಲ. ಮೆಕ್ಯಾನಿಕ್ ನೀರು ಒರೆಸಿದ, ಗಾಳಿ ಊದಿದ. ದೀಪ ಮತ್ತೆ ಮಿಣುಕಿತು. ಆ ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಹಾಕಿದಾಗ ಯಂತ್ರ ಈಗ ಪಕ್ಕದ್ದನ್ನೇ ತೋರಿಸಿತು. ಕಾಯಿಲೇ ಹೋಗಿದೆ ಎಂದು ಖಾತ್ರಿಯಾಯಿತು. ಹೊಸದು ಪೇಟೆಯಿಂದ ಬರಬೇಕಂತೆ. ಬೇರೆ ಗಾಡಿಗೆಂದು ಅಪ್ಪ ಫೋನು ಮಾಡಿದವರು ಯಾರೂ ಒಪ್ಪಲಿಲ್ಲ. ಗ್ಯಾರೇಜಿನ ಮುಂದಿನ ಮರದ ನೆರಳು ಸರಿದಂತೆ ಬುಟ್ಟಿ ಸರಿಸುತ್ತಾ ಕುಳಿತೆ.

ನೆರಳು ಬುಡಕ್ಕೆ ಬಂದಾಗ ಅಪ್ಪ ತಲೆ ತಗ್ಗಿಸಿಕೊಂಡು ಬಂದ.

"ಅವ್ವಾ, ಹೊತ್ತು ಮೀರಾಕತ್ತೈತಿ. ಇಲ್ಲೇ ಇಡೋಣೇನು?"

ಗೋರಿ ಬಿಟ್ಟು ಬೇರೆಡೆ ಎಡೆ ಇಟ್ಟದ್ದನ್ನು ನಮ್ಮಲ್ಲಿ ನಾನು ಕಂಡಿರಲಿಲ್ಲ. ಬೇಡವೆನ್ನಲೂ ಆಗಲಿಲ್ಲ. ಅಜ್ಜ ಕೂರುತ್ತಿದ್ದ ಡ್ರೈವರ್ ಸೀಟಿನ ಮೇಲೆ ಎಲೆ ಹಾಸಿ ಬಡಿಸಿದೆ. ಮೆಕ್ಯಾನಿಕ್ ಕೈ ಒರೆಸಿಕೊಂಡು ದೂರ ನಿಂತ. ಕಾಗೆ ಬರಲಿಲ್ಲ. ಆಮೇಲೆ ಅವನು ಕೊಟ್ಟ ನೀರು ಕುಡಿದೆ.

ಸಂಜೆ ಹೊಸ ಕಾಯಿಲ್ ಹಾಕಿದ ಮೇಲೆ ದೀಪ ಆರಿತು. ಗಾಡಿ ಮನೆಯ ಕಡೆಗೇ ತಿರುಗಿತು. ನಿಮ್ಮ ಅಜ್ಜನಿಗೆ ಆ ಎಡೆ ಮುಟ್ಟಿತೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಎಡೆ ಯಾಕೆ ಇಡಲಿಲ್ಲವೆಂದು ಊರಲ್ಲಿ ಕೇಳಿದರೆ ಅಪ್ಪ ಮಾತು ಮರೆಸುತ್ತಾನೆ. ಅಂದು ಅಜ್ಜನ ಎಡೆ ಎಲ್ಲಿ ಇಟ್ಟೆವೆಂದು ಮುಂದೆ ನಿಮಗೆ ಹೇಳುವವರು ಯಾರೂ ಇರಲಾರರು ಮಕ್ಕಳೇ, ಈ ಹಾಳೆಗಳನ್ನು ನೀರು ತಾಗದ ಕಡೆ ಜೋಪಾನವಾಗಿ ಇಡಿ.