ದಾರ ಪೋಣಿಸಿದ ಫ್ಲಾಪಿ

ಶಕುನ, ಪವಾಡ, ದೇವರು ಮೈಮೇಲೆ ಬಂದದ್ದು ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವ ಪೈಕಿ ನಾನು. ನಮ್ಮ ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಎಲ್ಲರೂ ಕೃಷ್ಣ ಕೃಷ್ಣ ಎಂದು ನೆಲ ಕುಟ್ಟುತ್ತಿದ್ದರು. ನಾನೊಬ್ಬಳು ಹಲ್ಲಿ ಎಲ್ಲಿದೆ ಎಂದು ಗೋಡೆ ನೋಡುತ್ತಿದ್ದೆ. ಮುಂದೆ ಹೊಟ್ಟೆಪಾಡಿಗೆ ಹಿಡಿದದ್ದೂ ಕಂಪ್ಯೂಟರಿನ ಕೆಲಸವೇ. ಯಂತ್ರ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ ಎಂದು ಎಷ್ಟೋ ಜನರಿಗೆ ಪಾಠ ಹೇಳಿದ್ದೇನೆ. ಈಗಲೂ ಹೇಳುತ್ತೇನೆ. ಆದರೆ ಆದವಾನಿಯಲ್ಲಿ ಒಂದು ಮಧ್ಯಾಹ್ನ ನನ್ನ ಕಣ್ಣೆದುರಿಗೆ ನಡೆದದ್ದಕ್ಕೆ ಮಾತ್ರ ಇವತ್ತಿನವರೆಗೂ ಕಾರಣ ಸಿಕ್ಕಿಲ್ಲ. ಓದಿ ನಗುವವರು ನಗಲಿ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ಎಂಬತ್ತರ ದಶಕದ ಕೊನೆಯ ಮಾತು. ಬಳ್ಳಾರಿಯಲ್ಲಿ ಕೆಲವು ತಿಂಗಳು ಕಂಪ್ಯೂಟರ್ ಕಲಿತು ಆಂಧ್ರದ ಗಡಿಯ ಆದವಾನಿಯಲ್ಲಿ, ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿಯ ಆಫೀಸಿಗೆ ಸೇರಿದ್ದೆ. ನಮ್ಮೂರು ಆಲೂರಿನಿಂದ ದಿನಾ ಬಸ್ಸಿನಲ್ಲಿ ಓಡಾಟ. ನಮ್ಮ ಸಾವ್ಕಾರರು ಬೊಂಬಾಯಿಗೆ ಹೋದಾಗ ಯಾರದೋ ಆಫೀಸಿನಲ್ಲಿ ಕಂಪ್ಯೂಟರ್ ನೋಡಿ ಬಂದು, ನಮಗೂ ಒಂದು ಇರಲಿ ಎಂದು ತರಿಸಿಬಿಟ್ಟಿದ್ದರು. ಅದಕ್ಕೊಂದು ಗಾಜಿನ ಕೋಣೆ, ಊರಲ್ಲಿ ಎಷ್ಟೋ ಶ್ರೀಮಂತರ ಮನೆಯಲ್ಲೂ ಇಲ್ಲದ ಏಸಿ. ಹತ್ತಿಯ ಧೂಳು ಒಳಗೆ ಬರಬಾರದೆಂದು ಚಪ್ಪಲಿ ಹೊರಗೆ ಬಿಡಿಸುತ್ತಿದ್ದೆವು. ಚಪ್ಪಲಿ ಬಿಡಬೇಕು ಎಂದಮೇಲೆ ಅದು ದೇವರ ಕೋಣೆಯೇ ಎಂದು ಉಳಿದವರು ತೀರ್ಮಾನಿಸಿಕೊಂಡರು. ಒತ್ತಿ ಕಟ್ಟಿದ ಹತ್ತಿಯ ಬೇಲು ಹೊರುವ ಹಮಾಲಿಗಳು ಗಾಜಿನಾಚೆ ನಿಂತು ಕೈಮುಗಿದು ಮುಂದೆ ಹೋಗುತ್ತಿದ್ದರು.

ಅದು ಸ್ವಲ್ಪ ಮೊಂಡು ಹಿಡಿದರೆ ಸಾಕು, ಫ್ಯಾಕ್ಟರಿಯೆಲ್ಲ ವೈದ್ಯರೇ. ಸಾವ್ಕಾರರು ರೇಡಿಯೋಕ್ಕೆ ಹೊಡೆದ ಹಾಗೆ ಪಕ್ಕಕ್ಕೆ ಒಂದು ಬಡಿಯುತ್ತಿದ್ದರು. ಕಾವಲುಗಾರ ನಿಂಬೆಹಣ್ಣು ಕಟ್ಟೋಣ ಎನ್ನುತ್ತಿದ್ದ. ಜಿನ್ನು ರಿಪೇರಿ ಮಾಡುವ ಖಾಸಿಂ ಸಾಬರಂತೂ ಎಣ್ಣೆಯ ಡಬ್ಬಿ ಹಿಡಿದೇ ಬಾಗಿಲಿಗೆ ಬರುತ್ತಿದ್ದರು. "ಥೋಡಾ ಎಣ್ಣಿ ಬಿಡ್ರಿ ಮೇಡಂ, ಒಣಗೈತಿ ಅದು," ಎಂದು ಅವರ ವಾದ. ಅವರನ್ನು ತಡೆಯುವುದೇ ನನಗೆ ಅರ್ಧ ಕೆಲಸ.

ಒಬ್ಬರೇ ಒಬ್ಬರು ಅದಕ್ಕೆ ಯಾವ ಔಷಧಿಯನ್ನೂ ಹೇಳುತ್ತಿರಲಿಲ್ಲ: ನಮ್ಮ ಹಳೆಯ ಗುಮಾಸ್ತರು, ಗುರುರಾಜಾಚಾರ್. ಕಚ್ಚೆ ಪಂಚೆ, ಕೋಟು, ಹಣೆಗೆ ಅಂಗಾರ ಅಕ್ಷತೆ. ಸಾವ್ಕಾರರ ತಂದೆಯ ಕಾಲದಿಂದ ಇದ್ದವರು. ಅವರ ಕೆಲಸವನ್ನು ನುಂಗಲೆಂದೇ ಆ ಯಂತ್ರ ಬಂದದ್ದು, ಅದರ ಹಿಂದೆ ನಾನು ಬಂದದ್ದು. ಇನ್ನೊಬ್ಬರಾಗಿದ್ದರೆ ನನ್ನ ಮುಖ ನೋಡುತ್ತಿರಲಿಲ್ಲ. ಇವರು ಮಡಿಯವರಾದ್ದರಿಂದ ಆಫೀಸಿನಲ್ಲಿ ಒಂದು ತುತ್ತೂ ತಿನ್ನುತ್ತಿರಲಿಲ್ಲ, ಆದರೆ ನಾನು ಬಸ್ಸಿನಲ್ಲಿ ಹಸಿದು ಬರುತ್ತೇನೆಂದು ಮನೆಯಿಂದ ಗೊಜ್ಜವಲಕ್ಕಿ ಕಟ್ಟಿಸಿಕೊಂಡು ಬರುತ್ತಿದ್ದರು. ನನಗೆ ಅವರನ್ನು ಕಂಡರೆ ತುಂಬ ಪ್ರೀತಿ. ಸಾವ್ಕಾರರು ಮಾತ್ರ, ಆಚಾರ್ರು ಇನ್ನು ಮನೆಯಲ್ಲಿ ರಾಮಾ ಕೃಷ್ಣಾ ಅನ್ನಬಹುದಲ್ಲ ಎಂದು ಆಗಾಗ ಗೊಣಗುತ್ತಿದ್ದರು. ಅವರಿಗೆ ಏನಾದರೊಂದು ನೆಪ ಬೇಕಾಗಿತ್ತು. ಮನೆಗೆ ಕಳಿಸಿದ್ದರೆ ಆ ಮನುಷ್ಯ ಒಂದು ವರ್ಷವೂ ಬಾಳುತ್ತಿರಲಿಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತಿತ್ತು. ಅವರಿಗೆ ಆ ಕುರ್ಚಿ ಬಿಟ್ಟರೆ ಬೇರೆ ಲೋಕ ಇರಲಿಲ್ಲ.

ಜಿನ್ನಿನ ಆಫೀಸುಗಳಲ್ಲಿ ಒಂದು ಪದ್ಧತಿ ಇತ್ತು. ಸಂಜೆ ಬಾಗಿಲು ಹಾಕುವಾಗ ಮೇಜಿನ ಮೇಲೆ ಒಂದು ಚೀಟಿಯೂ ಬಿಡಿಯಾಗಿ ಉಳಿಯಬಾರದು. ಬೇಲಿನ ಗೋಣಿತಟ್ಟು ಹೊಲಿಯುವ ದಬ್ಬಣದಿಂದ ಚುಚ್ಚಿ, ದಾರಕ್ಕೆ ಪೋಣಿಸಿ, ಗಂಟು ಹಾಕಿ ಮೊಳೆಗೆ ತೂಗುಹಾಕಬೇಕು. ಬಿಡಿ ಚೀಟಿ ಕಳೆದ ಚೀಟಿ ಎಂದು ಆಚಾರ್ರ ಲೆಕ್ಕ. ಚಿಕ್ಕಂದಿನಿಂದ ಅವರ ಕೈ ಅದಕ್ಕೇ ಒಗ್ಗಿತ್ತು.

ನಾನು ಅಕ್ಕನ ಮದುವೆಗೆಂದು ರಜೆ ಹಾಕಿ, ಮುಗಿಸಿಕೊಂಡು ಬಂದ ಬೆಳಿಗ್ಗೆ ನೋಡಿದರೆ ಫ್ಲಾಪಿಗಳು ಡ್ರಾಯರಿನಲ್ಲಿಲ್ಲ. ಆಗಿನ ಫ್ಲಾಪಿಗಳನ್ನು ಈಗಿನವರು ನೋಡಿರಲಿಕ್ಕಿಲ್ಲ. ಅಂಗೈಗಿಂತ ಅಗಲವಾದ, ಬಾಗಿಸಿದರೆ ಬಾಗುವ ತೆಳ್ಳನೆಯ ಕಪ್ಪು ಚೌಕ; ಒಳಗೆ ತಿರುಗುವ ಒಂದು ಬಿಲ್ಲೆ. ನಮ್ಮ ಯಂತ್ರಕ್ಕೆ ಸ್ವಂತ ನೆನಪು ಇರಲಿಲ್ಲ. ಬೆಳಿಗ್ಗೆ ಅದು ಏಳಬೇಕಾದರೂ ಆ ಫ್ಲಾಪಿ ಬೇಕು, ಬೇಲುಗಳ ವಿವರವೆಲ್ಲ ಇದ್ದದ್ದೂ ಅದರಲ್ಲೇ. ಅದೂ, ಅದರ ನಕಲೂ, ಎರಡೂ ಆಚಾರ್ರ ಮೇಜಿನ ಪಕ್ಕದ ಮೊಳೆಯಲ್ಲಿ ಒಂದೇ ದಾರದಲ್ಲಿ ನೇತಾಡುತ್ತಿದ್ದವು. ಗಂಟು ಬಹಳ ಚೆಂದ ಬಿದ್ದಿತ್ತು.

"ನೀ ಇಲ್ಲಾಗ ಎಲ್ಲೆರ ಕಳದಾವು ಅಂತ ದಾರ ಹಾಕೀನವ್ವ," ಎಂದರು ಆಚಾರ್ರು, ನಾನು ಸಂತೋಷಪಡಲಿ ಎಂದು ಕಾಯುತ್ತಾ.

ನಾನು ದಾರ ಕತ್ತರಿಸಿ, ಫ್ಲಾಪಿಯನ್ನು ಯಂತ್ರಕ್ಕೆ ಹಾಕಿದೆ. ಖರ್ರನೆ ಉಜ್ಜಿದ ಸದ್ದು, ಪರದೆಯ ಮೇಲೆ ಓದಲಾಗಲಿಲ್ಲ ಎಂಬ ಒಂದು ಸಾಲು. ನಕಲಿಗೂ ಅದೇ ಗತಿ. ತೂತು ಬಿದ್ದದ್ದು ಬಿಲ್ಲೆಯ ಅಂಚಿನಲ್ಲಿ. ಯಂತ್ರ ಏಳುವಾಗ ಎಲ್ಲಕ್ಕಿಂತ ಮೊದಲು ಓದುವುದು ಆ ಅಂಚನ್ನೇ. ಆಚಾರ್ರಿಗೆ ಮೆಲ್ಲಗೆ ತಿಳಿಸಿ ಹೇಳಿದೆ. ಅವರು ಕೋಟಿನ ಗುಂಡಿಯೊಂದನ್ನು ತೆಗೆಯುತ್ತಾ ಹಾಕುತ್ತಾ ನಿಂತುಬಿಟ್ಟರು.

ಅಷ್ಟರಲ್ಲಿ ಸಾವ್ಕಾರರು ಬಂದರು. "ಏಮ್ಮಾ, ಮಧ್ಯಾಹ್ನ ಹತ್ತಿ ಕೊಳ್ಳೋ ಬೊಂಬಾಯಿ ಪಾರ್ಟಿ ವಸ್ತಾರು. ಮಿಷನ್ ನೋಡ್ಬೇಕಂತ ಅವ್ರಿಗೆ. ಏನರ ಹೆಚ್ಚುಕಮ್ಮಿ ಆತಂದ್ರ ಮಾಡಿದಾವ್ರು ಸೀದಾ ಮನಿಗೆ ಹೋಗ್ಬೇಕಾಗ್ತೈತಿ," ಎಂದು ಹೇಳಿ, ನನ್ನ ಉತ್ತರಕ್ಕೂ ಕಾಯದೆ ಹೋದರು. ಬಳ್ಳಾರಿಯ ಇಂಜಿನಿಯರಿಗೆ ಟ್ರಂಕ್ ಕಾಲ್ ಹಾಕಿಸಿದೆ. ಲೈನು ಸಿಕ್ಕಾಗ ಊಟದ ಹೊತ್ತು. ಯಂತ್ರವನ್ನು ಎಬ್ಬಿಸುವ ಮೂಲ ಫ್ಲಾಪಿ ಅವನ ಹತ್ತಿರ ಇತ್ತು, ಆದರೆ ನಾಳೆ ಬೆಳಿಗ್ಗೆಯ ತನಕ ಬರಲಾರೆ ಎಂದ.

ನಾನು ಫೋನ್ ಇಟ್ಟು ತಿರುಗಿದರೆ ಆಚಾರ್ರು ಸಾವ್ಕಾರರ ಕೋಣೆಯ ಕಡೆ ಹೊರಟಿದ್ದರು. "ನಾನ ಹೇಳ್ತೀನವ್ವ. ನಿನ್ನ ಮ್ಯಾಲೆ ಯಾಕ ಬರಬೇಕು?" ಎಂದರು. ಸ್ವಲ್ಪ ನಿಲ್ಲಿ ಎಂದು ನಾನು ಕೈ ಅಡ್ಡ ಹಿಡಿದೆ. ನಿಂತು ಮಾಡುವುದೇನೆಂದು ನನಗೂ ಗೊತ್ತಿರಲಿಲ್ಲ, ಅಳು ಬಂದಿತ್ತು. ಅವರು ನನ್ನ ಮುಖ ನೋಡಿದರು, ಹಿತ್ತಲಿಗೆ ಹೋಗಿ ಕೈಕಾಲು ತೊಳೆದು ಬಂದರು. ಅಲ್ಲಿಯವರೆಗೆ ಒಮ್ಮೆಯೂ ಕಾಲಿಡದ ಆ ಗಾಜಿನ ಕೋಣೆಗೆ ನನ್ನ ಹಿಂದೆ ಬಂದರು. ಫ್ಲಾಪಿಯನ್ನು ಎರಡೂ ಕೈಯಲ್ಲಿ ಹಿಡಿದು, ಪುಸ್ತಕಕ್ಕೆ ಕಾಲು ತಾಗಿದಾಗ ಮಾಡುತ್ತೇವಲ್ಲ ಹಾಗೆ, ಕಣ್ಣಿಗೊತ್ತಿಕೊಂಡರು. ತುಟಿ ಅಲುಗಿತು. ಆಮೇಲೆ ನನಗೆ ಕೊಟ್ಟು, "ಈಗ ಹಾಕಿ ನೋಡು," ಎಂದರು.

ಅವರ ಸಮಾಧಾನಕ್ಕೆಂದು ಹಾಕಿದೆ. ಕೆಂಪು ದೀಪ ಹತ್ತಿತು. ಖರ್ರೆನ್ನುವ ಸದ್ದಿಗೆ ಕಿವಿ ಮುಚ್ಚಿಕೊಳ್ಳಲು ಸಿದ್ಧಳಾಗಿದ್ದೆ, ಸದ್ದು ಬರಲಿಲ್ಲ. ಪರದೆಯ ಮೇಲೆ ಹಸಿರು ಅಕ್ಷರಗಳು ಒಂದೊಂದಾಗಿ, ದಿನದ ಹಾಗೇ, ಬಂದು ನಿಂತವು. ಆಚಾರ್ರು ಹೊರಗೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು.

ಬೊಂಬಾಯಿಯವರು ಬಂದರು. ಚಹಾ ಕುಡಿಯುತ್ತಾ ಅದು ತೋರಿಸಿ ಇದು ತೋರಿಸಿ ಎಂದರು. ಯಾವ ಗುರುತಿನ ಬೇಲು ಯಾವ ಗೋದಾಮಿನಲ್ಲಿದೆ ಎಂದು ಕೇಳಿದ್ದಕ್ಕೆಲ್ಲ ಯಂತ್ರ ಉತ್ತರ ಕೊಟ್ಟಿತು, ಪ್ರಿಂಟರು ಕರಕರನೆ ಬರೆದುಕೊಟ್ಟಿತು. ತಿಳಿದವರು ಇಲ್ಲಿ ಒಂದು ಮಾತು ಹೇಳಬಹುದು: ಒಮ್ಮೆ ಎದ್ದ ಮೇಲೆ ಯಂತ್ರಕ್ಕೆ ಫ್ಲಾಪಿ ಯಾಕೆ ಬೇಕು ಎಂದು. ಬೇಕಿತ್ತು. ಅವರು ಹೊಸದಾಗಿ ಕೇಳಿದಾಗಲೆಲ್ಲ ಕೆಂಪು ದೀಪ ಹತ್ತುತ್ತಿತ್ತು, ಪ್ರತಿ ಸಲ ಅದು ಆ ತೂತುಬಿದ್ದ ಬಿಲ್ಲೆಯಿಂದಲೇ ಓದುತ್ತಿತ್ತು. ದೀಪ ಹತ್ತಿದಾಗಲೆಲ್ಲ ನಾನು ಖರ್ರೆನ್ನುವ ಸದ್ದಿಗೆ ಕಾಯುತ್ತಿದ್ದೆ. ಸಾವ್ಕಾರರ ಮುಖ ಮಾತ್ರ ಮದುಮಗನ ಮುಖದಂತೆ ಅರಳಿತ್ತು.

ಅವರ ಕಾರು ಗೇಟು ದಾಟಿತು. ನಾನು ಇನ್ನೊಂದು ಹಾಳೆ ತೆಗೆದಿಡೋಣವೆಂದು ಕೀಲಿ ಒತ್ತಿದೆ. ಖರ್ರೆಂದಿತು. ಬೆಳಗಿನ ಅದೇ ಸಾಲು. ತೆಗೆದು ಹಾಕಿದೆ, ಒರೆಸಿ ಹಾಕಿದೆ, ನಕಲನ್ನೂ ಹಾಕಿದೆ. ಏನೂ ಇಲ್ಲ. ಓಡಿಹೋಗಿ, ಇನ್ನೊಮ್ಮೆ ಬನ್ನಿ ಎಂದು ಆಚಾರ್ರನ್ನು ಕರೆದೆ. ಅವರು ಏಳಲಿಲ್ಲ. "ಸಾಕು ಬಿಡವ್ವ. ಅದಕ್ಕೂ ದಣಿವಾಗಿರತೈತಿ," ಎಂದರು.

ಮರುದಿನ ಬಂದ ಇಂಜಿನಿಯರು ಫ್ಲಾಪಿಯನ್ನು ಕಿಟಕಿಗೆ ಹಿಡಿದ. ತೂತಿನಿಂದ ಬಿಸಿಲು ತೂರಿ ಅವನ ಅಂಗಿಯ ಮೇಲೆ ಬಿತ್ತು. ನಕ್ಕ. ನಾನು ಹಿಂದಿನ ದಿನ ಪ್ರಿಂಟಾದ ಹಾಳೆಗಳನ್ನು ತೋರಿಸಿದೆ. ನಗು ನಿಂತಿತು. ಬೇರೆ ಫ್ಲಾಪಿ ಇರಲಿಲ್ಲವೇ ಎಂದು ತಿರುತಿರುಗಿ ಕೇಳಿದ. ತನ್ನ ಕೈಲಾದಷ್ಟು ಸಲ ಹಾಕಿ ನೋಡಿದ. ಕೊನೆಗೆ ಸಾವ್ಕಾರರ ಹತ್ತಿರ ಹೋಗಿ, ಡಿಸ್ಕು ಸವೆದಿತ್ತು, ಬದಲಾಯಿಸಿದ್ದೇನೆ ಎಂದು ಹೇಳಿ, ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ. ಬೇಲುಗಳ ವಿವರವನ್ನು ಆಚಾರ್ರ ಲೆಕ್ಕದ ಪುಸ್ತಕ ನೋಡಿ ನಾನು ಮತ್ತೆ ತುಂಬಿದೆ. ಆಚಾರ್ರ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಅವರು ಆಮೇಲೂ ವರ್ಷಗಟ್ಟಲೆ ಆ ಕುರ್ಚಿಯಲ್ಲೇ ಇದ್ದರು.

ತೂತು ಎಲ್ಲೋ ಸರಿಯಾಗಿ ಕೂತಿರಬೇಕು, ಬಿಸಿಲಿಗೆ ಬಿಲ್ಲೆ ಸ್ವಲ್ಪ ಹಿಗ್ಗಿರಬೇಕು ಎಂದು ನಾನೇ ಏನೇನೋ ಜೋಡಿಸಿ ನೋಡಿದ್ದೇನೆ. ಒಂದು ಸಲ ಓಡಿದ್ದಕ್ಕಾದರೆ ಇಂಥ ಕಾರಣ ಒಪ್ಪಬಹುದು. ಬೇಕಾದಷ್ಟೇ ಹೊತ್ತು ಓಡಿ ನಿಂತದ್ದಕ್ಕೆ ಯಾವುದೂ ಒಪ್ಪುವುದಿಲ್ಲ.

ಆವತ್ತು ಏನು ಮಂತ್ರ ಹೇಳಿದಿರಿ ಎಂದು ಬಹಳ ದಿನಗಳ ಮೇಲೆ ಆಚಾರ್ರನ್ನು ಕೇಳಿದ್ದೆ. "ಮಂತ್ರ ಎಲ್ಲಿಂದು? ತಪ್ಪಾತು ಅಂದೆ. ಗೊತ್ತಿಲ್ಲದ ಚುಚ್ಚೀನಿ, ಬಂದಾವ್ರು ಹೋಗೂತನ ನಡಿ ಅಂದೆ," ಎಂದರು. ಅಷ್ಟು ಕೇಳಿದವರು ಮರುದಿನದವರೆಗೂ ನಡೆ ಎಂದು ಕೇಳಬಾರದಿತ್ತೇ ಎಂದೆ ನಾನು, ತಮಾಷೆಗೆ.

ಅವರು ತಮಾಷೆ ಮಾಡಲಿಲ್ಲ. "ಚುಚ್ಚಿದಾವ ನಾನು," ಎಂದರು. "ಇನ್ನೂ ಎಷ್ಟಂತ ಕೇಳ್ಲಿ?"