ಅಕ್ಕನ ಹಳದಿ ಅಕ್ಷರಗಳು

ದಸರಾ ರಜೆ ಮುಗಿದು ಕಚೇರಿಗಳು ತೆರೆದ ದಿನ ಬೆಳಗ್ಗೆ ಸಿರುಗುಪ್ಪದಿಂದ ಅಕ್ಕನ ಫೋನ್ ಬಂತು. ನಾನು ಪಾಠ ಮಾಡುವ ಕುರುಗೋಡಿನ ಕಾಲೇಜಿಗೆ ಇನ್ನೂ ರಜೆ ಇತ್ತು. ಬಳ್ಳಾರಿಯ ಪಾರ್ವತಿನಗರದ ಮನೆಯಲ್ಲಿ ಎರಡನೇ ಸಲದ ಚಹಾ ಮುಂದಿಟ್ಟುಕೊಂಡು ಆರಾಮಾಗಿ ಕೂತಿದ್ದೆ. ನಮ್ಮಕ್ಕ ಜೋರು ದನಿಯವಳು, ಅವಳ ಫೋನು ಬಂದರೆ ಕಿವಿಯಿಂದ ಸ್ವಲ್ಪ ದೂರವೇ ಹಿಡಿಯಬೇಕು. ಅವತ್ತು ಪಿಸುಗುಟ್ಟಿದಳು.

"ಲೇ ತಮ್ಮಾ, ಅದು ಹೋಗೈತಿ."

"ಯಾವುದು?"

"ಹಳದಿ ಅಕ್ಷರ. ಎಲ್ಲಾ ಬೆಳ್ಳಗ ಆಗಿ ಕುಂತೈತಿ. ನನಗ ಏನೂ ಮಾಡಾಕ ಬರವಲ್ದು."

ಚಹಾ ಅಲ್ಲೇ ಬಿಟ್ಟು ಎದ್ದೆ.

ಅಕ್ಕ ಸಿರುಗುಪ್ಪದ ಒಂದು ಕಚೇರಿಯಲ್ಲಿ ಗುಮಾಸ್ತೆ. ಭತ್ತ ಬೆಳೆಯುವವರು ಹಾಕಿದ ಅರ್ಜಿಯನ್ನು ವೆಬ್‌ಸೈಟಿನಲ್ಲಿ ತೆರೆದು, ಅದರಲ್ಲಿರುವ ಹೆಸರು, ಊರು, ಸರ್ವೆ ನಂಬರು ಪಕ್ಕದಲ್ಲೇ ಬರುವ ಹೊಲದ ದಾಖಲೆಗೆ ಹೊಂದುತ್ತದೆಯೇ ನೋಡಿ ಮುಂದಕ್ಕೆ ಕಳಿಸುವುದು ಅವಳ ಕೆಲಸ. ಒಂದು ಅಂಕಿ ಕಣ್ಣು ತಪ್ಪಿದರೆ ಯಾರದೋ ಹೊಲ ಇನ್ಯಾರದೋ ಹೆಸರಿಗೆ ಕೂತು, ಆ ಮನುಷ್ಯ ತಿಂಗಳುಗಟ್ಟಲೆ ಕಚೇರಿಗೆ ಅಲೆಯಬೇಕಾಗುತ್ತದೆ. ಅಕ್ಕನ ಕೈಯಿಂದ ಹಾಗೆ ಆಗಿರಲಿಲ್ಲ. ಅದರ ಬಗ್ಗೆ ಅವಳಿಗೆ ಜಂಬವೂ ಇತ್ತು, ಇರಲಿ ಬಿಡಿ, ಇರಬೇಕಾದ ಜಂಬವೇ.

ಆದರೆ ಅವಳ ಕಣ್ಣು ಕೆಡುತ್ತಿತ್ತು. ಕೆಲವು ವರ್ಷಗಳ ಹಿಂದೆ ಬಳ್ಳಾರಿ ಕಂಟೋನ್ಮೆಂಟಿನ ಕಣ್ಣಿನ ಡಾಕ್ಟರರಲ್ಲಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಸುತ್ತಲಿನ ನೋಟ ಉಳಿಯುತ್ತದೆ, ನಡುವಿನದು ನಿಧಾನವಾಗಿ ಹೋಗುತ್ತದೆ, ಔಷಧಿ ಇಲ್ಲ ಎಂದಿದ್ದರು. ಹೊರಗೆ ಬಂದು ಬೇವಿನ ಮರದ ನೆರಳಿನಲ್ಲಿ ನಿಂತು ಅಕ್ಕ ನನ್ನಿಂದ ಭಾಷೆ ತೆಗೆದುಕೊಂಡಳು. ಯಾರಿಗೂ ಹೇಳಬಾರದು, ಕಚೇರಿಯವರಿಗಂತೂ ಹೇಳಲೇಬಾರದು. ಅವಳ ಅಂಜಿಕೆಗೆ ಕಾರಣ ನನಗೆ ಗೊತ್ತಿತ್ತು. ಕುರುಗೋಡಿನಲ್ಲಿ ನಮ್ಮ ಸೋದರತ್ತೆಗೂ ಹೀಗೇ ಕಣ್ಣು ಹೋಗಿತ್ತು. ಇಡೀ ಮನೆ ಆಳುತ್ತಿದ್ದ ಹೆಂಗಸನ್ನು ಪಡಸಾಲೆಯ ಮೂಲೆಯಲ್ಲಿ ಕೂಡಿಸಿ ಬೆಳ್ಳುಳ್ಳಿ ಬಿಡಿಸಲು ಕೊಟ್ಟರು. ಬಂದವರು ಅವಳ ಎದುರಿಗೇ ಬೇರೆಯವರನ್ನು "ಆಕೀದು ಊಟ ಆತೇನು?" ಎಂದು ಕೇಳುತ್ತಿದ್ದರು. ಬಾಯಿ ಇದ್ದ ಅತ್ತೆಯನ್ನು ಯಾರೂ ಕೇಳುತ್ತಿರಲಿಲ್ಲ.

ಆಗ ನಾನು ಹುಡುಕಿ ಕೊಟ್ಟದ್ದು ಆ ಎಕ್ಸ್‌ಟೆನ್ಶನ್. ಬ್ರೌಸರಿಗೆ ಮೇಲಿಂದ ಜೋಡಿಸುವ ಸಣ್ಣ ಸಲಕರಣೆ, ಯಾರ ಅಪ್ಪಣೆಯೂ ಬೇಡ, ಎರಡು ಸಲ ಒತ್ತಿದರೆ ಕೂತುಬಿಡುತ್ತದೆ. ಪುಟವೆಲ್ಲ ಕಪ್ಪಾಗಿ ಅದರ ಮೇಲೆ ಹೆಬ್ಬೆರಳು ಗಾತ್ರದ ಹಳದಿ ಅಕ್ಷರ. ಒತ್ತಕ್ಷರ ಕೂಡ ಒಡೆಯದೆ ನಿಲ್ಲುತ್ತಿತ್ತು. ಓದಿ ಹೇಳುವ ಒಂದು ಗುಂಡಿಯೂ ಇತ್ತು. ಒಮ್ಮೆ ಒತ್ತಿ ನೋಡಿದೆ, ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ನಂಬರು ಕೂಗುವವಳ ದನಿಯಲ್ಲಿ ರೈತರ ಹೆಸರು ಕೂಗಿತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. "ಇದು ನಿನಗ ಬ್ಯಾಡ ಬಿಡು," ಎಂದೆ. ಅಕ್ಕನ ಕೆಲಸ ಮತ್ತೆ ದಾರಿಗೆ ಬಂತು. ಕೂದಲ ಮರೆಯಲ್ಲಿ ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂತಿರುತ್ತಿದ್ದಳು. ಕಚೇರಿಯಲ್ಲಿ ಅವಳಿಗೆ ಹಾಡಿನ ಮೇಡಂ ಎಂದೇ ಹೆಸರು ಬಿತ್ತು. ನಾನೂ ಹಾಡೆಂದೇ ತಿಳಿದಿದ್ದೆ.

ಬೇಸಿಗೆಯಲ್ಲಿ ಅವಳ ಕಂಪ್ಯೂಟರು ನೋಡಿದಾಗ ಎರಡು ಸೂಚನೆ ಕಂಡವು. ಒಂದು, ಹೊಸ ಬ್ರೌಸರು ತಯಾರಾಗಿದೆ, ಮುಚ್ಚಿ ತೆರೆಯಿರಿ ಎಂದು. ಇನ್ನೊಂದು, ಈ ಎಕ್ಸ್‌ಟೆನ್ಶನ್ ಹೊಸದರಲ್ಲಿ ನಡೆಯದಿರಬಹುದು ಎಂದು. ಅದನ್ನು ಮಾಡಿದವರು ಯಾವ ದೇಶದವರೋ, ಪತ್ರ ಬರೆದರೆ ಉತ್ತರವಿಲ್ಲ. ನಾನು ವಾಣಿಜ್ಯಶಾಸ್ತ್ರದ ಮೇಷ್ಟ್ರು, ಕಂಪ್ಯೂಟರಿನ ಪಂಡಿತನಲ್ಲ. ಮನೆಯಲ್ಲಿ ಎಲ್ಲರಿಗಿಂತ ಒಂದು ಕೈ ಹೆಚ್ಚು ಗೊತ್ತು, ಅಷ್ಟೇ. ನನಗೆ ಹೊಳೆದ ಉಪಾಯ ಇಷ್ಟು: ಬ್ರೌಸರ್ ಮುಚ್ಚಲೇಬೇಡ, ಕಂಪ್ಯೂಟರ್ ಆರಿಸಲೇಬೇಡ, ಸಂಜೆ ಸ್ಲೀಪ್ ಗುಂಡಿ ಒತ್ತಿ ಮಲಗಿಸಿ ಹೋಗು, ಬೆಳಗ್ಗೆ ಎಬ್ಬಿಸು. ಕರೆಂಟು ಹೋದರೆ ಯುಪಿಎಸ್ ಇತ್ತು. ಹೀಗೆ ತಿಂಗಳುಗಳು ನಡೆದವು.

ನಮ್ಮ ಲೆಕ್ಕದಲ್ಲಿ ಇಲ್ಲದ್ದು ಆಯುಧಪೂಜೆ. ರಜೆಗೆ ಮುಂಚಿನ ಸಂಜೆ ಕಚೇರಿಯ ಅಟೆಂಡರು ಒಂದೊಂದೇ ಕಂಪ್ಯೂಟರಿನ ವೈರು ಕಿತ್ತು, ಒದ್ದೆ ಬಟ್ಟೆಯಿಂದ ಒರೆಸಿ, ವಿಭೂತಿ ಎಳೆದು, ಚೆಂಡು ಹೂವು ಏರಿಸುತ್ತ ಬಂದರಂತೆ. ಅಕ್ಕ ಕೈ ಅಡ್ಡ ಹಿಡಿದು, "ನಂದೊಂದು ಬಿಡ್ರಿ, ಹಂಗಽ ಕುಂಕುಮ ಹಚ್ರಿ ಸಾಕು," ಎಂದಳು.

"ಏನ್ರಿ ಮೇಡಂ, ಓಡೋ ಗಾಡಿಗೆ ಪೂಜಿ ಮಾಡ್ತಾರೇನ್ರಿ? ವರ್ಷಾ ಪೂರ್ತಿ ದುಡದೈತಿ, ಎರಡು ದಿನ ಅದೂ ಮಲಗ್ಲಿ," ಎಂದು ಆತ ವೈರು ಎಳೆದೇಬಿಟ್ಟರು. ಆಯುಧಕ್ಕೆ ವಿಶ್ರಾಂತಿ ಕೊಡುವ ದಿನ ಅದನ್ನು ಆರಿಸಬೇಡ ಎನ್ನಲು ಕಾರಣ ಹೇಳಬೇಕು. ಕಾರಣ ಹೇಳುವ ಹಾಗಿಲ್ಲ. ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು.

ನಾನು ಬಸ್ಸಿಳಿದು ಕಚೇರಿ ಮುಟ್ಟುವ ಹೊತ್ತಿಗೆ ಅಕ್ಕಪಕ್ಕದವರು ಬನ್ನಿ ಕೊಡುತ್ತ, "ಬಂಗಾರದಂಗ ಇರೋಣ್ರಿ," ಎನ್ನುತ್ತ ಓಡಾಡುತ್ತಿದ್ದರು. ಅಕ್ಕ ಎಲ್ಲರಿಗೂ ನಗುತ್ತ ಕೈ ಒಡ್ಡಿದ್ದಳು. ನಾನು ಹಬ್ಬದ ಕರ್ಜಿಕಾಯಿ ಕೊಡಲು ಬಂದ ತಮ್ಮನ ವೇಷದಲ್ಲಿ ಪಕ್ಕದ ಕುರ್ಚಿ ಎಳೆದುಕೊಂಡೆ. ವಿಭೂತಿ ಪಟ್ಟೆಯ ಕೆಳಗೆ ಬ್ರೌಸರು ಹೊಸ ಅಳಿಯನ ಹಾಗೆ ಮಿಂಚುತ್ತಿತ್ತು. ಎಕ್ಸ್‌ಟೆನ್ಶನ್ ಜಾಗದಲ್ಲಿ ಬೂದು ಬಣ್ಣದ ಒಂದು ಸಾಲು: ಇದಕ್ಕೆ ಇನ್ನು ಬೆಂಬಲವಿಲ್ಲ. ಒತ್ತಿದರೆ ಒತ್ತಲೂ ಬಾರದು. ನನಗೆ ಮೈಯೆಲ್ಲ ಉರಿಯಿತು. ಯಾರನ್ನು ಕೇಳಿ ಬದಲಾಯಿಸಿದಿರಿ ಎಂದು ಬೈಯಲು ಒಂದು ಮುಖವಾದರೂ ಇರಬೇಕಲ್ಲ. ಅಟೆಂಡರನ್ನು ದುರುಗುಟ್ಟಿ ನೋಡಿದೆ, ಪಾಪ, ಆತ ನನಗೆ ಪ್ರಸಾದದ ಬಾಳೆಹಣ್ಣು ತಂದುಕೊಟ್ಟರು.

ಬದಲಿ ಹುಡುಕಿದೆ. ಒಂದು ಎಕ್ಸ್‌ಟೆನ್ಶನ್ ಅಕ್ಷರ ದಪ್ಪ ಮಾಡಿ ಒತ್ತುಗಳನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿತು. ಇನ್ನೊಂದು, ನೀವು ತೆರೆಯುವ ಪುಟಗಳನ್ನೆಲ್ಲ ನಾವು ನೋಡಬಹುದೇ ಎಂದು ಕೇಳಿತು. ಸರ್ಕಾರಿ ಕೆಲಸದ ಪುಟಗಳನ್ನು ಗುರುತಿಲ್ಲದವರಿಗೆ ತೋರಿಸಲು ಧೈರ್ಯ ಬರಲಿಲ್ಲ. ಕೊನೆಗೆ ಪೆನ್‌ಡ್ರೈವಿನಲ್ಲಿ ಬ್ರೌಸರಿನ ಹಳೆಯ ಆವೃತ್ತಿ ತಂದು ಹಾಕಿದೆ. ಹಳದಿ ಅಕ್ಷರ ಬಂದವು! ಅಕ್ಕ ಕಿವಿಗೆ ಕೈಯಿಟ್ಟುಕೊಂಡು, "ಬಂತು, ಬಂತು," ಎಂದಳು. ಆ ಸಂತೋಷ ಊಟದ ಹೊತ್ತಿನವರೆಗೆ. ಆಮೇಲೆ ವೆಬ್‌ಸೈಟು, ನಿಮ್ಮ ಬ್ರೌಸರು ಹಳೆಯದು, ಒಳಗೆ ಬಿಡುವುದಿಲ್ಲ ಎಂದಿತು. ಹಳೆಯದರಲ್ಲಿ ಕಾಣುತ್ತದೆ, ಕೆಲಸವಿಲ್ಲ. ಹೊಸದರಲ್ಲಿ ಕೆಲಸವಿದೆ, ಕಾಣುವುದಿಲ್ಲ. ನಾನು ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡೆ.

ಹೊರಡುವ ಮೊದಲು ಕಂಪ್ಯೂಟರಿನದೇ ಬಣ್ಣಗಳನ್ನು ಬದಲಿಸಿ, ಆದಷ್ಟು ದೊಡ್ಡ ಅಕ್ಷರ ಇಟ್ಟು ಬಂದೆ. ಅಷ್ಟಾದರೂ ಕಾಲೇಜು ಶುರುವಾದ ಮೇಲೆ ಅಕ್ಕನ ವಿಡಿಯೊ ಕರೆ ಬರತೊಡಗಿತು. ಅವಳು ಅಲ್ಲಿ ಪರದೆಗೆ ಫೋನು ಹಿಡಿಯುವುದು, ನಾನು ಕುರುಗೋಡಿನ ಸ್ಟಾಫ್‌ರೂಮಿನಲ್ಲಿ ಗೋಡೆಗೆ ಮುಖ ಮಾಡಿ ಯಾರ ಯಾರದೋ ಸರ್ವೆ ನಂಬರು ಓದುವುದು. ಜೊತೆಯ ಮೇಷ್ಟ್ರುಗಳು, "ಹೊಲ ಖರೀದಿ ಜೋರು ನಡದೈತೇನ್ರಿ?" ಎಂದು ಕಾಲೆಳೆದರು. ಒಂದು ದಿನ ರೇಗಿಬಿಟ್ಟೆ.

"ಅಕ್ಕಾ, ಅಷ್ಟು ದೊಡ್ಡದು ಮಾಡಿ ಇಟ್ಟು ಬಂದೀನಿ. ಒಂದೀಟು ಕಣ್ಣು ಕೊಟ್ಟು ನೋಡಿದ್ರ ಏನಾಗ್ತೈತಿ ನಿನಗ?"

ಅಕ್ಕ ದನಿ ತಗ್ಗಿಸಿ, "ಮೇಡಂ ಇವತ್ತು ಕರ್ದಿದ್ರು," ಎಂದಳು. ಮೇಡಂ ಎಂದರೆ ಅವಳ ಮೇಲಧಿಕಾರಿ. ಬಾಕಿ ಬೆಳೆಯುತ್ತಿದೆ, ಕಂಪ್ಯೂಟರು ಆಗದಿದ್ದರೆ ಹೇಳಿಬಿಡಿ, ಟಪಾಲು ವಿಂಗಡಿಸಲು ಹಿಂದಿನ ಕೋಣೆಗೆ ಹಾಕುತ್ತೇನೆ ಎಂದಿದ್ದರಂತೆ. ಆ ಕೋಣೆಯನ್ನು ನಾನು ನೋಡಿದ್ದೆ. ಅಲ್ಲಿ ಹಳೆಯ ಕುರ್ಚಿಗಳನ್ನು ಒಟ್ಟಿದ್ದರು.

ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ ಸಿರುಗುಪ್ಪಕ್ಕೆ ಹೋದೆ. ಬಾಕಿ ಕೆಲಸ ಮುಗಿಸುತ್ತೇನೆಂದು ಅಕ್ಕ ಒಬ್ಬಳೇ ಉಳಿದಿದ್ದಳು. ಕೂತು ಮತ್ತೆ ಬಣ್ಣ ತಿದ್ದಿದೆ, ಕಪ್ಪಿನ ಮೇಲೆ ಹಳದಿ, ಗಾತ್ರ ಮೊದಲಿಗಿಂತ ದೊಡ್ಡದು. ನನ್ನ ಕಣ್ಣಿಗಂತೂ ಹಳೆಯ ಎಕ್ಸ್‌ಟೆನ್ಶನ್ನಿಗಿಂತ ಇದೇ ಚೆನ್ನಾಗಿ ಕಂಡಿತು.

"ಓದು ನೋಡೋಣ."

ಅಕ್ಕ ಪರದೆಗೆ ಮುಖ ಒಡ್ಡಿ ಓದಿದಳು. ತೆಕ್ಕಲಕೋಟೆಯ ರೈತ, ತಂದೆಯ ಹೆಸರು, ಸರ್ವೆ ನಂಬರು, ಒಂದಕ್ಷರ ತಪ್ಪಿಲ್ಲ. ಗೆದ್ದೆ ಎಂದುಕೊಂಡೆ. ಬೇರೆ ಪುಟಕ್ಕೂ ಬಣ್ಣ ಸರಿಯಾಗಿ ಬರುತ್ತದೆಯೇ ನೋಡಲು ಮುಂದಿನ ಅರ್ಜಿ ತೆರೆದೆ.

"ಈಗ ಓದು."

ಅಕ್ಕ ಮತ್ತೆ ಓದಿದಳು. ಅದೇ ತೆಕ್ಕಲಕೋಟೆಯ ರೈತ, ಅದೇ ತಂದೆಯ ಹೆಸರು, ಅದೇ ನಂಬರು. ಪರದೆಯ ಮೇಲೆ ಸಿರುಗುಪ್ಪದ ಒಬ್ಬ ಹೆಂಗಸಿನ ಹೆಸರಿತ್ತು, ಅಂಗೈಯಷ್ಟು ದೊಡ್ಡದಾಗಿ. ಮೊದಲಿನ ಅರ್ಜಿಯನ್ನು ಅವತ್ತು ಬೆಳಗ್ಗೆ ಫೋನಿನಲ್ಲಿ ಓದಿ ಹೇಳಿದವನು ನಾನೇ.

ನನ್ನ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಅಕ್ಕನಿಗೆ ತಿಳಿಯಿತು.

"ಬ್ಯಾರೆ ತಗದ್ಯೇನು?" ಎಂದಳು.

"ಹೂಂ."

"ನನಗ ಅಕ್ಷರ ಕಾಣಂಗಿಲ್ಲೋ ತಮ್ಮಾ. ಎಷ್ಟು ದಪ್ಪ ಮಾಡಿದ್ರೂ ನಟ್ಟನಡುವ ಕರಗಿ ಹೋಗ್ತಾವ. ಹೋದ ವರ್ಷದಿಂದ."

"ಮತ್ತ ಇಷ್ಟು ದಿನ?"

"ಆ ಬಸ್‌ಸ್ಟ್ಯಾಂಡಿನಾಕಿ ಓದ್ತಿದ್ಲು, ನಾ ಕೇಳ್ತಿದ್ನಿ."

ಹಾಡು ಎಂದದ್ದೆಲ್ಲ ಅದೇ. ನಾನು ಬಣ್ಣ, ಗಾತ್ರ ಎಂದು ತಿಂಗಳೊಪ್ಪತ್ತು ತಲೆ ಕೆಡಿಸಿಕೊಂಡು ಕಾದಾಡಿದ್ದು ಅವಳಿಗೆ ಬೇಕೇ ಇಲ್ಲದ್ದಕ್ಕೆ. ನನಗೆ ಅವಳ ಮೇಲೆ ಸಿಟ್ಟು ಬಂತು, ಆ ಸಿಟ್ಟಿನ ಬೆನ್ನಿಗೇ ಅಳು ಬಂತು. "ನನಗರ ಹೇಳಬಾರ್ದಾ?" ಎಂದೆ.

"ಹೆಂಗ ಹೇಳ್ಲಿ? ಹಳದಿ ಅಕ್ಷರ ಹಾಕಿ ಕೊಟ್ಟಾಗ ನೀ ಎಷ್ಟು ಖುಷಿ ಪಟ್ಟಿದ್ದಿ. ಬಂದಾಗೊಮ್ಮೆ, ಕಾಣ್ತಾವಲ್ಲಕ್ಕಾ, ಕಾಣ್ತಾವಲ್ಲಾ ಅಂತಿದ್ದಿ."

ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ನನಗೆ ತಿಳಿದದ್ದನ್ನು ಹೇಳಿದೆ. ಕಂಪ್ಯೂಟರಿನಲ್ಲಿ ಇರುವುದನ್ನೆಲ್ಲ ಕನ್ನಡದಲ್ಲಿ ಓದಿ ಹೇಳುವ ಬೇರೆಯೇ ತಂತ್ರಾಂಶವಿದೆ. ಬ್ರೌಸರಿಗೆ ಅಂಟಿಕೊಂಡದ್ದಲ್ಲ, ಬ್ರೌಸರು ಬದಲಾದರೆ ಹೀಗೆ ಒಂದೇ ಏಟಿಗೆ ಸತ್ತುಹೋಗುವುದಿಲ್ಲ. ಆದರೆ ಅದನ್ನು ಕದ್ದು ಹಾಕಲು ಬರುವುದಿಲ್ಲ. ಕಚೇರಿಯ ಪಾಸ್‌ವರ್ಡ್ ಬೇಕು, ಮೇಡಂ ಒಪ್ಪಬೇಕು.

"ಯಾಕ ಬೇಕಂತ ಬರ್ಕೊಡಬೇಕೇನು?"

"ಬರ್ಕೊಡಬೇಕು."

"ಬರ್ಕೊಟ್ಟ ಮ್ಯಾಲೆ ಅತ್ತೀಗೆ ಮಾಡಿದಂಗ ಮಾಡಿದ್ರ?"

ಕಾನೂನು ಇದೆ, ಕಣ್ಣು ಹೋಯಿತೆಂದು ಕೆಲಸದಿಂದ ತೆಗೆಯುವ ಹಾಗಿಲ್ಲ ಎಂದೆ. ತೆಗೆಯದೆಯೂ ಹಿಂದಿನ ಕೋಣೆಯಲ್ಲಿ ಕೂಡಿಸಬಹುದು ಎನ್ನುವುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಸೋಮವಾರ ರಜಾ ಹಾಕಿ ಬಾ," ಎಂದಳು.

ಸೋಮವಾರ ಇಬ್ಬರೂ ಮೇಡಂ ಎದುರು ಕೂತೆವು. ಬಾಗಿಲು ತೆರೆದೇ ಇತ್ತು, ಹೊರಗೆ ಎಲ್ಲರೂ ಕೂತಿದ್ದರು. ಅಕ್ಕ ಸುತ್ತುಬಳಸದೆ ತನ್ನ ಜೋರು ದನಿಯಲ್ಲೇ ಹೇಳಿದಳು. ಮೇಡಂ ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಆಕಿ ಇಷ್ಟು ದಿನ ಕೆಲಸ ಹೆಂಗ ಮಾಡಿದ್ಲ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು. "ನನ್ನಽ ಕೇಳ್ರಿ ಮೇಡಂ. ಕಿವೀಲೆ ಕೇಳಿ ಮಾಡೀನ್ರಿ. ಒಂದರ ತಪ್ಪು ಬಂದಿತ್ತೇನ್ರಿ?"

ಮೇಡಂ ಅಕ್ಕನ ಕಡೆ ತಿರುಗಿ, "ಇಲ್ರಿ," ಎಂದರು. ಆಮೇಲೆ, "ನಾನು ಮ್ಯಾಲಿನವ್ರಿಗೆ ಬರೀತೀನಿ, ಅವ್ರು ಏನಂತಾರೋ ನನ್ನ ಕೈಯಾಗಿಲ್ರಿ," ಎಂದು ಒಂದು ಹಾಳೆಯಲ್ಲಿ ಮನವಿ ಬರೆದು ಅಕ್ಕನ ಮುಂದೆ ಸರಿಸಿದರು. ನಾನು ಅದನ್ನು ಗಟ್ಟಿಯಾಗಿ ಓದಿದೆ.

ಅಕ್ಕ ಪೆನ್ನು ತೆಗೆದುಕೊಂಡಳು. ಹೊರಗಿನವರೆಲ್ಲ ಬಾಗಿಲಿನ ಕಡೆಗೇ ನೋಡುತ್ತಿದ್ದರು. ಅಕ್ಕ ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿ, "ಎಲ್ಲಿ ಸಹಿ ಮಾಡಬೇಕು, ತೋರ್ಸು," ಎಂದಳು. ನಾನು ಅವಳ ಬೆರಳು ಹಿಡಿದು ಹಾಳೆಯ ಕೆಳಗಿನ ಗೆರೆಯ ಮೇಲೆ ಇಟ್ಟೆ.