ಅಡುಗೆಮನೆಯಿಂದ ಹೊರಟ ಭಾಷಣ

ವೈರ್ ಮಾವನ ಪೆಟ್ಟಿಗೆಯಲ್ಲಿ ಬಟ್ಟೆ ಒಂದೇ ಜೊತೆ, ಉಳಿದದ್ದೆಲ್ಲ ವೈರು. ವೆಬ್‌ಸೈಟ್ ಕಟ್ಟುವ ಗೆಳೆಯರು ಕೈಯಿಂದ ದುಡ್ಡು ಹಾಕಿ ಪರದೇಶಗಳಲ್ಲಿ ನಡೆಸುತ್ತಿದ್ದ ಪುಟ್ಟ ಸಮ್ಮೇಳನಗಳಿಗೆ ನಾವಿಬ್ಬರೂ ಭಾಷಣಕ್ಕೆ ಹೋಗುತ್ತಿದ್ದ ಕಾಲ ಅದು. “ಕಂಡೋರ ಊರಿನ ಪ್ಲಗ್ ನಂಬಬಾರದು ಕಣಯ್ಯ” ಎನ್ನುತ್ತಿದ್ದರು ಮಾವ. ಭಾಷಣದ ನಡುವೆ ನೆಟ್ ಕೈಕೊಟ್ಟರೆ ಇಡೀ ವೆಬ್‌ಪುಟವನ್ನು ಬೋರ್ಡಿನ ಮೇಲೆ ಬರೆದು, ಬಟನ್ನನ್ನು ಬೆರಳಿನಿಂದ ಒತ್ತಿ, ಮುಂದಿನ ಪುಟ ತೆರೆಯಲೆಂದು ಗಂಭೀರವಾಗಿ ಕಾಯುತ್ತಿದ್ದರು. ಯಾವ ಭಾಷಣವಾದರೂ ಮೊದಲು ಅಡುಗೆಮನೆಯಲ್ಲಿ ಹೆಂಡತಿಗೆ ಒಪ್ಪಿಸಬೇಕು. ಸೊಪ್ಪು ಬಿಡಿಸುತ್ತಾ ಅತ್ತೆ “ತಲೆಗೆ ಹತ್ಲಿಲ್ಲ ರೀ” ಎಂದರೆ ಮತ್ತೆ ಮೊದಲಿನಿಂದ. ಅತ್ತೆ ತೀರಿಕೊಂಡ ಮೇಲೂ ಮಾವನ ಭಾಷಣ ನಿಲ್ಲಲಿಲ್ಲ. ಕಷ್ಟದ ಜಾಗ ಬಂದಾಗ ಮಾತ್ರ ಇಂಗ್ಲಿಷ್ ಬಿಟ್ಟು, ನಮ್ಮ ಮಾತಿನಲ್ಲಿ, “ತಿಳೀತೇನೇ?” ಎಂದು ಕೇಳುತ್ತಿದ್ದರು. ಪರದೇಶದವರು ಮರ್ಯಾದೆಗೆ ತಲೆಯಾಡಿಸುತ್ತಿದ್ದರು. ಮಾವ ಉತ್ತರಕ್ಕೆ ಕಾಯುತ್ತಿದ್ದರು.